ಮ್ಯಾಟಿನಿಯಲ್ಲಿ ಕಂಬಳಿ ಹಿಡಿದವರು

ರಾಣೆಬೆನ್ನೂರು
ನವೆಂಬರ್ ೧೮, ಸೋಮವಾರ

ಪ್ರೀತಿಯ ಗಂಗವ್ವಾ,

ನಿನ್ನ ಎಡಗಾಲು ಹೇಗಿದೆ? ನಿಮ್ಮ ಪರ್ವತಾರೋಹಣ ಶಾಲೆಯ ಕಡೆ ಈಗಾಗಲೇ ಹಿಮ ಬಿದ್ದಿರಬೇಕು. ಬೆರಳು ಹೋದ ಜಾಗವೇ ಚಳಿಗೆ ಮೊದಲು ನೋಯುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಅಜ್ಜಿ ಕಳಿಸಿದ ಉಣ್ಣೆಯ ಕಾಲುಚೀಲ ಚುಚ್ಚುತ್ತದೆಂದು ಬದಿಗಿಡಬೇಡ. ಎರಡು ದಿನ ಚುಚ್ಚಿ ಆಮೇಲೆ ಸುಮ್ಮನಾಗುತ್ತದೆ, ಅಜ್ಜಿಯ ಹಾಗೆಯೇ. ಇಲ್ಲಿ ನಾವೆಲ್ಲ ಕ್ಷೇಮ. ಹಿಂಗಾರಿನ ಬೀಜ ಹೊರಗೆ ಹೋಗಿ ಮುಗಿದದ್ದರಿಂದ ಕಂಪನಿಯ ಮೊಳಕೆ ಪರೀಕ್ಷೆಯ ಕೋಣೆಯಲ್ಲಿ ನನಗೂ ಸ್ವಲ್ಪ ಬಿಡುವಾಗಿದೆ. ಅಜ್ಜಿಗೆ ಮೊಣಕಾಲು ನೋವಿದೆ. ಬಾಯಿಗೆ ಏನೂ ಆಗಿಲ್ಲ.

ಫೋನಿನಲ್ಲಿ ಹೇಳಬಹುದಾಗಿದ್ದ ಮಾತನ್ನು ಬರೆಯುತ್ತಿರುವುದಕ್ಕೆ ಕಾರಣ ನಿನಗೆ ಗೊತ್ತು. ನಿನ್ನ ಫೋನು ಬಂದ್ ಆಗಿದೆ. ಬಂದ್ ಆಗುವ ಮೊದಲು ನೀನು ಕಳಿಸಿದ ಮಾತುಗಳನ್ನು ನಾನು ಬಹಳ ಸಲ ಓದಿದ್ದೇನೆ. ‘ಅಪ್ಪಾ, ಆ ಸಿನಿಮಾ ನೋಡಬ್ಯಾಡ. ಅಜ್ಜಿಗೂ ತೋರಿಸಬ್ಯಾಡ. ನಾ ಡಿಸೆಂಬರದಾಗ ಕೆಲಸಾ ಬಿಡ್ತೇನಿ. ಇನ್ನ ಹಗ್ಗ ಮುಟ್ಟೂದಿಲ್ಲ, ಆ ಕಡೆ ಊರಿಗೂ ಬರೂದಿಲ್ಲ.’ ಮಗಳು ಬೇಡವೆಂದದ್ದನ್ನು ಮಾಡಬಾರದು. ಆದರೂ ಮೊದಲೇ ಹೇಳಿಬಿಡುತ್ತೇನೆ: ಸಿನಿಮಾ ನೋಡಿದೆ. ಎರಡು ಸಲ ನೋಡಿದೆ. ಎರಡನೆಯ ಸಲ ಅಜ್ಜಿಯೂ ನೋಡಿದಳು. ಏನಾಯಿತೆಂದು ಕ್ರಮವಾಗಿ ಬರೆಯುತ್ತೇನೆ; ದಯವಿಟ್ಟು ಮಡಚಿಡದೆ ಕೊನೆಯವರೆಗೆ ಓದು. ನೋಡಿದ್ದನ್ನು ನೋಡಿದಷ್ಟೇ ಹೇಳುವುದು ನನ್ನ ಕೆಲಸದ ಅಭ್ಯಾಸ. ಮೊಳೆತ ಕಾಳನ್ನು ಮೊಳೆತಿದೆ ಎನ್ನುತ್ತೇನೆ, ಮೊಳೆಯದ್ದನ್ನು ಇಲ್ಲ ಎನ್ನುತ್ತೇನೆ. ನನ್ನ ಮಗಳ ವಿಷಯವೆಂದು ತಕ್ಕಡಿಗೆ ಬೆರಳು ಹಚ್ಚುವುದಿಲ್ಲ.

ಮೊದಲ ಸಲ ಹಾವೇರಿಗೆ ಒಬ್ಬನೇ ಹೋದೆ. ಅಲ್ಲಿ ನನ್ನನ್ನು ಗುರುತಿಸುವವರು ಕಡಿಮೆ. ಜಿಲ್ಲಾ ಕೃಷಿ ಕಚೇರಿಯಲ್ಲಿ ಕೆಲಸವಿದೆ ಎಂದು ಅಜ್ಜಿಗೆ ಹೇಳಿ ಬಸ್ಸು ಹತ್ತಿದೆ. ಆ ಶಿಖರದ ಹೆಸರನ್ನು ಬದಲಿಸಿದ್ದಾರೆ, ನಿಮ್ಮ ಹೆಸರುಗಳನ್ನೂ ಬದಲಿಸಿದ್ದಾರೆ. ಆದರೆ ನಡೆದ ಘಟನೆ ಎಂದು ಶುರುವಿನಲ್ಲೇ ಅಕ್ಷರ ತೋರಿಸುತ್ತಾರೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿರುವುದಕ್ಕೆ ಬೇಸರಪಡಬೇಡ. ಸಿನಿಮಾ ಎಲ್ಲಿ ತಪ್ಪಿತೆಂದು ಹೇಳಲು ಎರಡನ್ನೂ ಪಕ್ಕಪಕ್ಕ ಇಡಬೇಕು. ಮೂರು ವರ್ಷದ ಕೆಳಗೆ ಆಸ್ಪತ್ರೆಯ ಹಾಸಿಗೆಯಲ್ಲಿ ನೀನು ನನಗೆ ಹೇಳಿದ್ದು ಇದು: ನೀವು ಏಳು ಜನ, ನೀನು ನಾಯಕಿ. ತುದಿ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ಮೋಡ ಇಳಿಯಿತು, ಗಾಳಿ ದಿಕ್ಕು ಬದಲಿಸಿತು, ಕಾಲಡಿಯ ಹಿಮ ಪೊಳ್ಳು ಸದ್ದು ಮಾಡಿತು. ತಿರುಗಿ ಎಂದು ನೀನು ಹೇಳಿದೆ. ನಾಲ್ಕು ಜನ ತಿರುಗಿದರು. ಬ್ಯಾಡಗಿಯ ನಮ್ಮ ದಿಲಾವರ ಮತ್ತು ಅವನ ಪುಣೆಯ ಗೆಳೆಯ, ಇಲ್ಲೇ ಐತಲ್ಲ, ಮುಟ್ಟಿ ಬರ್ತೇವಿ ಎಂದು ಹಗ್ಗ ಬಿಚ್ಚಿಕೊಂಡು ಮೇಲೆ ಹೋದರು. ಗಂಟಲು ಕಟ್ಟುವವರೆಗೆ ನೀನು ಕರೆದೆ. ಆಮೇಲೆ, ಉಳಿದ ನಾಲ್ವರಲ್ಲಿ ಇಬ್ಬರಿಗೆ ಕಣ್ಣೇ ಕಾಣುತ್ತಿರಲಿಲ್ಲವಾದ್ದರಿಂದ, ಅವರನ್ನು ಇಳಿಸಿದೆ. ಸಂಜೆ ಆ ಇಳಿಜಾರೇ ಕುಸಿದು ಬಂತು. ಮೇಲೆ ಹೋದ ಇಬ್ಬರೂ ಸಿಗಲಿಲ್ಲ. ನಿನ್ನ ಕಾಲಿನ ಎರಡು ಬೆರಳೂ ಅಲ್ಲೇ ಉಳಿದವು.

ಸಿನಿಮಾದಲ್ಲಿ ಇದೆಲ್ಲವೂ ಇದೆ. ಒಂದನ್ನು ಮಾತ್ರ ಬದಲಿಸಿದ್ದಾರೆ. ಆ ಹುಡುಗಿ ತಿರುಗಿ ಎನ್ನುವ ಹೊತ್ತಿಗೆ ಆಕಾಶವನ್ನು ತಿಳಿ ಮಾಡಿದ್ದಾರೆ. ಮೋಡವಿಲ್ಲ, ಗಾಳಿಯಿಲ್ಲ, ತುದಿ ಬಿಸಿಲಿಗೆ ಹೊಳೆಯುತ್ತದೆ. ಅಷ್ಟು ಮಾಡಿದರೆ ಸಾಕು, ಬೇರೆ ಯಾವ ಸುಳ್ಳೂ ಬೇಕಿಲ್ಲ. ತಿಳಿ ಆಕಾಶದ ಕೆಳಗೆ ತಿರುಗಿದವಳು ಅಂಜುಬುರುಕಿಯೇ ಆಗುತ್ತಾಳೆ. ಮೇಲೆ ಹೋದವರು ಹುಲಿಗಳೇ ಆಗುತ್ತಾರೆ. ಅವಳು ಇಳಿಯುವಾಗ ವಾದ್ಯಗಳೆಲ್ಲ ಸತ್ತು ಒಂದೇ ಪಿಟೀಲು ಅಳುತ್ತದೆ, ಅವರು ಏರುವಾಗ ನಗಾರಿ ಮೊಳಗುತ್ತದೆ. ಕೊನೆಗೆ ವಿಚಾರಣೆಯಲ್ಲಿ ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನನ್ನ ಹಿಂದೆ ಕೂತಿದ್ದ ಕಾಲೇಜು ಹುಡುಗರಲ್ಲಿ ಒಬ್ಬ, ‘ಆಕಿ ಅಂಜಿದ್ಲಲೇ! ಹೆಂಗಸಿನ ಕೈಯಾಗ ಹಗ್ಗಾ ಕೊಟ್ರ ಹಿಂಗ ನೋಡು’ ಎಂದ. ನಾನು ತಿರುಗಿ ನೋಡಲಿಲ್ಲ. ಹಾವೇರಿ ಬಸ್ ನಿಲ್ದಾಣದಲ್ಲಿ ಚಹಾ ಕೊಂಡು, ಅದನ್ನು ಕುಡಿಯದೆ ಬಸ್ಸು ಹತ್ತಿದ್ದು ಅರ್ಧ ದಾರಿಯಲ್ಲಿ ನೆನಪಾಯಿತು.

ಆ ಸಿನಿಮಾ ಮುಂದಿನ ವಾರ ರಾಣೆಬೆನ್ನೂರಿಗೇ ಬಂತು. ಬಸ್ ಸ್ಟ್ಯಾಂಡಿನ ಎದುರು ಪೋಸ್ಟರು ಹಚ್ಚಿದ ದಿನವೇ ನಮ್ಮ ಓಣಿಗೆ ಸುದ್ದಿ ಮುಟ್ಟಿತು. ಅಜ್ಜಿಯನ್ನು ತಡೆಯಲು ನನ್ನಿಂದಾದ ಪ್ರಯತ್ನ ಮಾಡಿದೆ. ಹಿಂದಿ ಸಿನಿಮಾ, ನಿನಗ ತಿಳಿಯೂದಿಲ್ಲ ಎಂದೆ. ‘ನಮ್ಮ ಹುಡುಗಿ ತಿಳೀಲಾರದಂಥಾದ್ದು ಏನ ಮಾಡ್ಯಾಳು?’ ಎಂದಳು. ಖುರ್ಚಿ ಸರಿ ಇಲ್ಲ, ಮೊಣಕಾಲು ಹಿಡೀತಾವ ಎಂದೆ. ಆಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಪರಮೇಶಾ, ನೀ ಹಾವೇರಿಗೆ ಹೋಗಿ ಕಳ್ಳನಂಗ ನೋಡಿ ಬಂದೀದಿ. ನಿನ್ನ ಮಾರೀನ ಹೇಳಾಕತ್ತೈತಿ. ನಾವ್ಯಾಕ ಕಳ್ಳರಂಗ ನೋಡೂಣು? ನನ್ನ ಮೊಮ್ಮಗಳು ಯಾರ ಮನಿ ಕನ್ನಾ ಹಾಕ್ಯಾಳು?’ ಎಂದಳು. ನಿನ್ನವ್ವ ತೀರಿದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಟಿಕೆಟ್ ತರಲು ನಾನೇ ಹೋದೆ.

ಮರುದಿನ ಮ್ಯಾಟಿನಿ ಆಟಕ್ಕೆ ಅಜ್ಜಿ ಒಬ್ಬಳೇ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಬಂದರು. ದೇವರಗುಡ್ಡದಿಂದ ನಿನ್ನ ದೊಡ್ಡಪ್ಪ ಮೈಲಾರಲಿಂಗ ಬಂದ, ತನ್ನ ಜೊತೆಯವರನ್ನೂ ಕರೆತಂದ. ಯಾವ ಜೊತೆಯವರು ಎಂದು ನಿನಗೆ ಹೇಳಬೇಕಿಲ್ಲ. ಜಾತ್ರೆಯ ಕಾರಣಿಕದ ದಿನ ಬಿಲ್ಲಿನ ಕೆಳಗೆ ಕಂಬಳಿ ಹಿಡಿದು ನಿಲ್ಲುವವರು. ನೀನು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದು ನೆನಪಿದೆಯೇ? ಗೊರವಪ್ಪ ಉಪವಾಸದ ಮೈಯಲ್ಲಿ ನೆಟ್ಟಗೆ ನಿಲ್ಲಿಸಿದ ಆ ಎತ್ತರದ ಬಿಲ್ಲನ್ನು ಏರಿ, ‘ಸದ್ದಲೇ’ ಎಂದು ಕೂಗಿ, ಬರುವ ವರ್ಷದ ಒಂದು ಮಾತನ್ನು ನುಡಿದು, ಅಲ್ಲಿಂದಲೇ ಮೈ ಬಿಟ್ಟ. ಕೆಳಗೆ ಇವರು ಕಂಬಳಿಯಲ್ಲಿ ಅವನನ್ನು ಹಿಡಿದರು. ಬಿಲ್ಲು ಎಷ್ಟ ಎತ್ತರ ಐತಿ ಎಂದು ನೀನು ದಾರಿಯುದ್ದಕ್ಕೂ ಕೇಳಿದೆ. ಅಜ್ಜಿಗೆ ಸಾಕಾಗಿ, ‘ಎತ್ತರಾ ಕಟಗೊಂಡು ಏನ ಮಾಡ್ತಿ? ಏರೂದು ಅವನ ಕೆಲಸ, ಹಿಡಿಯೂದು ನಮ್ಮ ಕೆಲಸ. ನೆಲಕ್ಕ ಬೀಳಗೊಡಬಾರದು, ಅಷ್ಟ’ ಎಂದಿದ್ದಳು. ಆ ಮಾತು ನನಗೆ ಇಷ್ಟು ಕೆಲಸಕ್ಕೆ ಬರುತ್ತದೆಂದು ಅಂದು ಅನ್ನಿಸಿರಲಿಲ್ಲ.

ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವಾಗ ಬಾಗಿಲಲ್ಲಿ ದಿಲಾವರನ ಅಪ್ಪ ಕಾಸೀಮಸಾಬರು ಎದುರಾದರು. ಅವರ ಹಿಂದೆ ಅವನ ತಾಯಿ ದಿಲನಾಜ್. ಮಗನ ಸುದ್ದಿ ಬಂದಾಗ ನಾನು ಬ್ಯಾಡಗಿಗೆ ಹೋಗಿದ್ದೆನಲ್ಲ, ಅಂದು ಆಕೆ ಒಳಕೋಣೆಯಿಂದ ಹೊರಗೆ ಬಂದಿರಲಿಲ್ಲ. ನಾನೂ ಕಾಸೀಮಸಾಬರೂ ಅಂಗಳದಲ್ಲಿ ಹರಡಿದ ಮೆಣಸಿನಕಾಯಿಯ ಕೆಂಪನ್ನು ನೋಡುತ್ತ ಕೂತಿದ್ದೆವು. ಆಮೇಲೆ ಈ ಮೂರು ವರ್ಷದಲ್ಲಿ ಮುಖ ನೋಡಿದ್ದು ಇದೇ ಮೊದಲು. ನನಗೆ ಕಂಬದ ಹಿಂದೆ ಸರಿಯಬೇಕೆನಿಸಿತು. ಅಜ್ಜಿಗೆ ಅಂಥ ಯೋಚನೆಗಳು ಬರುವುದಿಲ್ಲ. ‘ಬಾರವ್ವಾ ದಿಲನಾಜ, ನನ್ನ ಬಾಜೂಕ ಕುಂದ್ರು. ನನಗ ಹಿಂದಿ ಬರೂದಿಲ್ಲ, ನೀ ಹೇಳೀಯಂತ’ ಎಂದು ಆಕೆಯ ಕೈ ಹಿಡಿದು ಎಳೆದುಕೊಂಡೇ ಹೋದಳು. ಆಗ ನನಗೆ ಹೊಳೆಯಿತು, ನಮ್ಮ ಹೆಂಗಸರ ಸಾಲುಗಳಲ್ಲಿ ಆ ಸಿನಿಮಾದ ಮಾತು ಮಾತೂ ಸರಿಯಾಗಿ ತಿಳಿಯುವವಳು ಮನೆಯಲ್ಲಿ ಉರ್ದು ಆಡುವ ಆಕೆ ಒಬ್ಬಳೇ. ತನ್ನ ಮಗ ಹುಲಿ, ನನ್ನ ಮಗಳು ಹೇಡಿ ಎಂದು ಪರದೆ ಹೇಳುವುದನ್ನು ಆಕೆ ಕೇಳುತ್ತಾಳೆ, ಅದೂ ನಿನ್ನ ಅಜ್ಜಿಯ ಪಕ್ಕದಲ್ಲಿ ಕೂತು.

ಮೊದಮೊದಲು ನಗುವಿಗೆ ಕೊರತೆಯಿರಲಿಲ್ಲ. ನಿನ್ನ ಪಾತ್ರದ ನಟಿ ಕಾಣಿಸಿದ ಕೂಡಲೇ ಅಜ್ಜಿ, ‘ಇಷ್ಟ ಬೆಳ್ಳಗ ಹೆಂಗಾದ್ಲವ್ವಾ ನಮ್ಮಾಕಿ! ಬರ್ಫಿನಾಗ ಇಟ್ರ ನಾನೂ ಹಿಂಗ ಅಕ್ಕೇನೇನು?’ ಎಂದಳು. ಹಿಂದಿನಿಂದ ಯಾರೋ, ‘ನೀ ಆಗಲೇ ಒಣಗಿದ ಕಾಯಿ ಆಗೀದಿ ಅಜ್ಜಿ, ಇನ್ನ ಬಣ್ಣ ಹತ್ತೂದಿಲ್ಲ’ ಎಂದ. ದಿಲಾವರನ ಪಾತ್ರದವನು ಬಂದಾಗ ಮಾತ್ರ ಅಜ್ಜಿ ದಿಲನಾಜ್‌ಳ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಕಾಲೇಜಿನ ದಿನಗಳಲ್ಲಿ ಅವನು ನಮ್ಮ ಮನೆಗೆ ಬಂದು ರೊಟ್ಟಿ ತಿನ್ನುವಾಗ ಅಜ್ಜಿ ಅವನನ್ನು, ‘ನೀ ಖರೇ ಬ್ಯಾಡಗಿ ಮೆಣಸಿನಕಾಯಿ ನೋಡಪಾ. ಬಣ್ಣ ಬಾಳ, ಖಾರ ಇಲ್ಲ’ ಎಂದು ಕಾಡುತ್ತಿದ್ದದ್ದು ನಿನಗೂ ನೆನಪಿರಬೇಕು. ಅದನ್ನೇ ಪಿಸುಗುಟ್ಟಿದಳೋ ಏನೋ, ದಿಲನಾಜ್ ಒಮ್ಮೆ ನಕ್ಕದ್ದು ನನಗೆ ಕೇಳಿಸಿತು.

ಆಮೇಲೆ ಆ ದೃಶ್ಯ ಬಂತು. ತಿಳಿ ಆಕಾಶ, ಹೊಳೆಯುವ ತುದಿ. ನಟಿ ಕೈಯೆತ್ತಿ ವಾಪಸ್ ಎಂದಳು. ಪಿಟೀಲು ಶುರುವಾಯಿತು. ನಾನು ಕಣ್ಣು ಮುಚ್ಚಿಕೊಂಡೆ, ಹಾವೇರಿಯ ಹುಡುಗನ ಮಾತು ಮತ್ತೆ ಕೇಳಬೇಕಾಗುತ್ತದೆಂದು. ಕೇಳಿದ್ದು ಬೇರೆ. ಅಜ್ಜಿ ಎದ್ದು ನಿಂತು, ಮೊಣಕಾಲು ಮರೆತು, ‘ಶಾಬಾಸ್ ಮಗಳ! ಇಳೀ, ಲಗೂ ಇಳೀ, ಎಲ್ಲಾರನ್ನೂ ಕರಕೊಂಡು ಇಳೀ!’ ಎಂದು ಕೂಗಿದಳು. ಓಣಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅದು ನಾಚಿಕೆಪಡಬೇಕಾದ ದೃಶ್ಯ ಎಂದು ಅವರಿಗೆ ಹೇಳುವವರಾರೂ ಇರಲಿಲ್ಲ. ಪಿಟೀಲು ಅಳುತ್ತಲೇ ಇತ್ತು, ಅದರ ಮಾತನ್ನು ಯಾರೂ ಕೇಳಲಿಲ್ಲ. ಇಳಿಯುವಾಗ ಅವಳ ಕಾಲು ಜಾರಿತು. ಹಗ್ಗದಲ್ಲಿದ್ದ ನಾಲ್ವರೂ ಅವಳೊಂದಿಗೆ ಜಾರಿದರು, ಪರದೆಯ ತುಂಬ ಬಿಳಿ ಇಳಿಜಾರು ನಮ್ಮ ಕಡೆಗೇ ಬಂದಂತಾಯಿತು. ಆಗ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ನಂಬು. ಮುಂದಿನ ಸಾಲಿನಲ್ಲಿದ್ದ ನಿನ್ನ ದೊಡ್ಡಪ್ಪ ಎದ್ದ. ಹೆಗಲ ಮೇಲಿನ ಕಂಬಳಿ ಬಿಚ್ಚಿತು. ಅವನ ಜೊತೆಯವರು ಯಾರೂ ಹೇಳದೆ ಅದರ ಅಂಚು ಅಂಚು ಹಿಡಿದರು, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ, ಪರದೆಯ ಕೆಳಗೆ ಕಂಬಳಿಯನ್ನು ಬಿಗಿಯಾಗಿ ಒಡ್ಡಿ ನಿಂತರು. ಯಾರೂ ನಗಲಿಲ್ಲ. ಪರದೆಯ ಮೇಲೆ ಹುಡುಗಿ ಮಂಜುಗಡ್ಡೆಗೆ ಕೊಡಲಿ ಊರಿ ಐವರನ್ನೂ ನಿಲ್ಲಿಸಿದಳು. ‘ಏಳು ಕೋಟಿಗೋ!’ ಎಂದು ಮೈಲಾರನ ಜಯಕಾರ ಹಾಕಿದ ದೊಡ್ಡಪ್ಪ. ಇಡೀ ಥಿಯೇಟರು, ಬಾಲ್ಕನಿಯೂ ಸೇರಿ, ‘ಛಾಂಗಮಲೋ!’ ಎಂದಿತು. ಯಾರೋ ಭಂಡಾರ ತೂರಿದರು. ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಅರಿಸಿನ ಪುಡಿ ನಿಧಾನವಾಗಿ ಇಳಿಯಿತು. ಅಷ್ಟು ಹೊತ್ತು ನಿನ್ನ ಹಿಮಾಲಯ ಹಳದಿಯಾಗಿತ್ತು.

ಸಿನಿಮಾ ಮುಂದುವರಿಯಿತು. ಈಗ ಆ ಇಬ್ಬರು ಏರುವ ಭಾಗ. ನಗಾರಿ ಮೊಳಗತೊಡಗಿತು. ಬೇರೆ ಊರುಗಳಲ್ಲಿ ಈ ದೃಶ್ಯಕ್ಕೆ ಶಿಳ್ಳೆ ಬೀಳುತ್ತದಂತೆ. ನಮ್ಮಲ್ಲಿ ಒಬ್ಬರೂ ಶಿಳ್ಳೆ ಹಾಕಲಿಲ್ಲ. ‘ಬ್ಯಾಡೋ ತಮ್ಮಾ, ತಿರುಗೋ’ ಎಂದಳು ಅಜ್ಜಿ ಮೆಲ್ಲಗೆ. ಹಿಂದಿನ ಸಾಲಿನವರು ಅದನ್ನೇ ಸ್ವಲ್ಪ ಜೋರಾಗಿ ಎಂದರು. ಆಮೇಲೆ ಎಲ್ಲರೂ, ತಿರುಗೋ, ತಿರುಗೋ ಎಂದು ಆ ನಟನನ್ನು ಕರೆಯತೊಡಗಿದರು. ಅದರ ನಡುವೆ ತೆಳ್ಳಗಿನ ಒಂದು ದನಿ ಕೇಳಿತು, ‘ಪಲಟ್ ರೇ ಬೇಟಾ, ಪಲಟ್.’ ದಿಲನಾಜ್ ಎದ್ದು ನಿಂತಿದ್ದಳು. ಆತ ತಿರುಗಲಿಲ್ಲ. ಇಳಿಜಾರು ಕುಸಿಯಿತು. ನಗಾರಿಯೂ ನಿಂತ ಮೇಲೆ ನೋಡಿದೆ, ದೊಡ್ಡಪ್ಪನೂ ಅವನ ಜೊತೆಯವರೂ ಕಂಬಳಿಯನ್ನು ಇನ್ನೂ ಒಡ್ಡಿಕೊಂಡೇ ನಿಂತಿದ್ದರು. ಕೊನೆಯ ವಿಚಾರಣೆಯ ದೃಶ್ಯವನ್ನು ಯಾರೂ ಸರಿಯಾಗಿ ನೋಡಲಿಲ್ಲ. ನಟಿ ತಲೆ ತಗ್ಗಿಸಿದ್ದನ್ನು ಕಂಡು ಅಜ್ಜಿ, ‘ಪಾಪ, ಅತ್ತೂ ಅತ್ತೂ ಗಂಟಲಾ ಕಟ್ಟೈತಿ, ಯಾರರ ಚಹಾ ಕೊಡ್ರೋ ಆಕಿಗೆ’ ಎಂದಳು, ಅಷ್ಟೇ.

ಹೊರಗೆ ಬಂದಾಗ ಥಿಯೇಟರಿನವರು, ‘ಪರದೆ ಹಾಳಾತ್ರಿ ಯಜಮಾನ್ರ’ ಎಂದು ಗೋಳಾಡಿದರು. ‘ಭಂಡಾರ ಬಿದ್ದದ್ದು ಹಾಳ ಅಕ್ಕೈತೇನೋ ಹುಚ್ಚಪ್ಪಾ? ಇನ್ನ ನಿನ್ನ ಸಿನಿಮಾ ಎಲ್ಲಾ ಓಡತಾವ ತಗೋ’ ಎಂದ ದೊಡ್ಡಪ್ಪ. ದಿಲನಾಜ್‌ಳ ಕಪ್ಪು ಬುರ್ಖಾದ ಹೆಗಲ ಮೇಲೂ ಅರಿಸಿನ ಬಿದ್ದಿತ್ತು. ಕಾಸೀಮಸಾಬರು ಜಾಡಿಸಲು ಕೈ ಮುಂದೆ ಮಾಡಿದರೆ, ಆಕೆ ‘ಇರ್ಲಿ ಬಿಡ್ರಿ’ ಎಂದಳು. ಆಮೇಲೆ ಆಕೆಯೂ ಅಜ್ಜಿಯೂ ಕಾಸೀಮಸಾಬರ ಟೆಂಪೋದಲ್ಲಿ ಕೂತು, ಗಂಡಸರನ್ನು ಹೊರಗೇ ನಿಲ್ಲಿಸಿ, ಬಹಳ ಹೊತ್ತು ಮಾತಾಡಿದರು. ಏನು ಎಂದು ಕೇಳಿದ್ದಕ್ಕೆ ಅಜ್ಜಿ, ‘ನಿನಗ್ಯಾಕ?’ ಎಂದಳು.

ದೊಡ್ಡಪ್ಪ ಹೇಳಿದ್ದು ಸುಳ್ಳಾಗಲಿಲ್ಲ. ಸುದ್ದಿ ಹಬ್ಬಿ, ಆ ಸಿನಿಮಾ ಒಂದು ವಾರಕ್ಕೆಂದು ಬಂದದ್ದು ಇನ್ನೂ ನಡೆಯುತ್ತಿದೆ. ಎಲ್ಲ ಆಟಗಳಲ್ಲೂ ಅದೇ ಜಾಗಕ್ಕೆ ಚಪ್ಪಾಳೆ. ಪೋಸ್ಟರಿನಲ್ಲಿ ನಾಯಕರಿಬ್ಬರು ದೊಡ್ಡದಾಗಿದ್ದಾರೆ, ನಟಿ ಮೂಲೆಯಲ್ಲಿ ಬೆನ್ನು ತೋರಿಸಿ ಇಳಿಯುತ್ತಿದ್ದಾಳೆ. ಆಟೋದವರು ಚೆಂಡುಹೂವಿನ ಮಾಲೆ ಹಾಕಿದ್ದು ಆ ಬೆನ್ನಿಗೆ. ದಿಗ್ದರ್ಶಕರು ಬಂದು ನೋಡಿದರೆ ನಮ್ಮನ್ನು ದಡ್ಡರು ಎಂದಾರು. ಅನುವಾದದ ಕಾದಂಬರಿಗಳನ್ನು ಓದಿಕೊಂಡೇ ಮುದುಕನಾಗುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವಾಗಬಾರದಿತ್ತು. ಕಥೆ ತನ್ನ ಊರು ದಾಟಿ ಬಂದ ಮೇಲೆ ಬರೆದವನ ಕೈಯಲ್ಲಿ ಉಳಿಯುವುದಿಲ್ಲ. ಆಕಾಶವನ್ನು ಅವರು ಎಷ್ಟೇ ತಿಳಿ ಮಾಡಲಿ, ನಮ್ಮವರು ಆಕಾಶವನ್ನು ನೋಡಲೇ ಇಲ್ಲ, ಗಂಗವ್ವಾ. ಯಾರು ಯಾರನ್ನು ನೆಲಕ್ಕೆ ಬೀಳಗೊಡಲಿಲ್ಲ ಎಂಬುದನ್ನಷ್ಟೇ ನೋಡಿದರು.

ಕೆಲಸ ಬಿಡುವುದೂ ಇಟ್ಟುಕೊಳ್ಳುವುದೂ ನಿನಗೆ ಸೇರಿದ್ದು, ನಾನು ಒತ್ತಾಯ ಮಾಡುವುದಿಲ್ಲ. ಊರಿಗೆ ಮುಖ ತೋರಿಸಲಾರೆ ಎಂಬ ಕಾರಣಕ್ಕೆ ಬಿಡುವುದಾದರೆ ಮಾತ್ರ, ಆ ಕಾರಣ ಪರೀಕ್ಷೆಯಲ್ಲಿ ಮೊಳೆಯಲಿಲ್ಲ ಎಂದು ತಿಳಿಸುತ್ತಿದ್ದೇನೆ. ನಿನ್ನ ಜೊತೆಯ ಶಿಕ್ಷಕರಿಗೆಲ್ಲ ನನ್ನ ನಮಸ್ಕಾರ. ದೊಡ್ಡಪ್ಪ ನಿನಗೆಂದು ಭಂಡಾರದ ಪೊಟ್ಟಣ ಕೊಟ್ಟಿದ್ದಾನೆ, ಲಕೋಟೆಯಲ್ಲಿದೆ, ಜೋಪಾನವಾಗಿ ಬಿಚ್ಚು. ದೇವರಗುಡ್ಡದ ಮೈಲಾರಲಿಂಗಸ್ವಾಮಿ ನಿನ್ನ ಕಾಲು ಕಾಯಲಿ.

ನಿನ್ನ ಅಪ್ಪ
ಪರಮೇಶಪ್ಪ

ತಾ.ಕ.: ಅಂಚೆ ಕಚೇರಿಗೆ ಹೊರಟವನನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರೆ, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ದಿಲನಾಜ್ ಈಗಷ್ಟೇ ಬ್ಯಾಡಗಿ ಬಸ್ಸಿಗೆ ಬಂದಿಳಿದಿದ್ದಾಳೆ, ಕೈಯಲ್ಲಿ ಚೀಲ. ಟೆಂಪೋದಲ್ಲಿ ಇವರು ಮಾತಾಡಿದ್ದು ಏನೆಂದು ಇವತ್ತು ತಿಳಿಯಿತು. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಆಕಿಗೆ ಬರೀರಿ ಅಣ್ಣಾರ. ಆಕಿ ಕರದ್ಲು, ಇವ ತಿರಗಲಿಲ್ಲ. ಹಡದಾಕಿ ನಾ, ಅವನ ಹಟಾ ನನಗ ಗೊತ್ತಿಲ್ಲೇನು? ಅಂದು ಥಿಯೇಟರಿನಾಗ ನಾ ಕರದ್ರೂ ತಿರಗಲಿಲ್ಲಲ್ಲ. ನನಗ ಆಕಿ ಮ್ಯಾಲ ಸಿಟ್ಟು ಐತಿ, ಅದು ಬ್ಯಾರೆ. ಮೂರು ವರ್ಷ ನನ್ನ ಮನೀ ಮೆಟ್ಟಿಲಾ ಹತ್ತಿಲ್ಲ ಅಂತ ಸಿಟ್ಟು. ನನ್ನ ಮಗಾ ಇರೂ ಗುಡ್ಡಾ ದೂರಿಂದ ನೋಡಬೇಕು. ಗಂಗಾನೇ ತೋರಿಸಬೇಕು, ಬ್ಯಾರೆಯವರು ಬ್ಯಾಡ.’ ನೀನು ಬರುವುದಿಲ್ಲವೆಂದಿದ್ದರಿಂದ ಆಕೆಯೂ ಅಜ್ಜಿಯೂ ತಾವೇ ಅಲ್ಲಿಗೆ ಬರುತ್ತಿದ್ದಾರೆ. ಟಿಕೆಟ್ ಆಗಿಬಿಟ್ಟಿದೆ. ಮುಂದಿನ ಸೋಮವಾರ ರಾಣೆಬೆನ್ನೂರಿನಲ್ಲಿ ರೈಲು ಹತ್ತುತ್ತಾರೆ, ಗುರುವಾರ ಹರಿದ್ವಾರ. ನಾನೂ ಬರುತ್ತೇನೆಂದರೆ ಅಜ್ಜಿ, ‘ಹಿಂದಿ ಆಕಿಗೆ ಬರತೈತಿ, ಜಗಳಾ ನನಗ ಬರತೈತಿ. ನೀ ನಿನ್ನ ಬೀಜಾ ನೋಡ್ಕೋ’ ಎನ್ನುತ್ತಾಳೆ. ಗುಡ್ಡ ಕಾಣುವ ಜಾಗದವರೆಗೆ ನಡೆದೇ ಏರುತ್ತಾಳಂತೆ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು. ಆ ಹಗ್ಗದ ಇನ್ನೊಂದು ತುದಿಯಲ್ಲಿ ಯಾರು ಎಂದು ಕೇಳಿದೆ. ಬರಿ ಎಂದಳು, ಬರೆಯುತ್ತಿದ್ದೇನೆ: ‘ಏರೂದು ನಮ್ಮ ಕೆಲಸ. ಹಿಡಿಯೂದು ಆಕೀದು.’